ಹೆಡ್ಮಾಸ್ತರು ಬಾಯಿ ಬಿಡಲಿಲ್ಲ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದು ಹುಟ್ಟಿನಿಂದ ಬಂದದ್ದು, ಯಾವ ವೈದ್ಯರಿಗೂ ತೋರಿಸಿಲ್ಲ. ನಮ್ಮ ಮನೆಯಲ್ಲಿ ಏನಾದರೂ ಮುಖ್ಯವಾದದ್ದು ನಡೆದರೆ ಅದು ಬೀದಿಗೆಲ್ಲ ಗೊತ್ತಾದ ಮೇಲೆಯೇ ನನಗೆ ಗೊತ್ತಾಗುವಂತೆ ನನ್ನ ಹೆಂಡತಿ ವ್ಯವಸ್ಥೆ ಮಾಡಿಕೊಂಡಿದ್ದಾಳೆ. ಸ್ವಂತ ಭಾವಮೈದುನನಿಗೆ ಮಗು ಹುಟ್ಟಿದ್ದನ್ನು ನನಗೆ ತಿಳಿಸಿದವನು ಹಾಲು ಹಾಕುವವನು. ಯಾಕೆ ಹೀಗೆ ಎಂದು ಕೇಳಿದರೆ, ನಿಮಗೆ ಹೇಳಿದ್ದರೆ ತಂದೆಯಾದವನು ಬಂದು ಸಿಹಿ ಹಂಚುವ ಮೊದಲೇ ನೀವು ಸುದ್ದಿ ಹಂಚಿ ಮುಗಿಸುತ್ತಿದ್ದಿರಿ ಎಂದಳು. ಅದು ನಿಜವಾದ್ದರಿಂದ ನಾನು ಜಗಳಕ್ಕೆ ಹೋಗಲಿಲ್ಲ. ಇಂಥ ನಾನು ಒಂದಾನೊಂದು ಕಾಲದಲ್ಲಿ ಗುಟ್ಟು ಕಾಯುವ ಪಣ ತೊಟ್ಟಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ತೊಟ್ಟಿದ್ದೆ. ಅದರಿಂದ ಒಬ್ಬ ಹೆಣ್ಣುಮಗಳ ಮದುವೆ ಮುರಿದು ಬೀಳುವುದರಲ್ಲಿತ್ತು.

ಆಗ ನಾನು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯ ಪಕ್ಕದ ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯ, ಊರಿನವರ ಬಾಯಲ್ಲಿ ಹೆಡ್ಮಾಸ್ತರು. ಬೆಂಗಳೂರು ಮೈಸೂರು ರಸ್ತೆ ಅಗಲವಾಗಿ, ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕಕ್ಕೊಂದು ಎದ್ದು ನಿಂತ ವರ್ಷಗಳು ಅವು. ಬೆಳಗಾದರೆ ಫ್ಯಾಕ್ಟರಿ ಬಸ್ಸುಗಳು ಬಂದು ನಮ್ಮ ಹಳೆಯ ವಿದ್ಯಾರ್ಥಿಗಳನ್ನು ತುಂಬಿಕೊಂಡು ಹೋಗುತ್ತಿದ್ದವು. ಅದುವರೆಗೆ ನಮ್ಮ ಶಾಲೆಯ ಕಡೆ ತಿರುಗಿ ನೋಡದಿದ್ದ ಜನರೆಲ್ಲ ಗೇಟು ತೆಗೆದುಕೊಂಡು ಒಳಗೆ ಬರತೊಡಗಿದರು. ಕಂಪ್ಯೂಟರ್ ಕಲಿಸುತ್ತೇವೆನ್ನುವವನೊಬ್ಬ ಟೈ ಕಟ್ಟಿಕೊಂಡು ಬಂದು ಹತ್ತನೇ ತರಗತಿಯ ಮಕ್ಕಳ ಮನೆ ವಿಳಾಸ ಕೇಳಿದ. ಗಾರ್ಮೆಂಟ್ಸಿಗೆ ಕೆಲಸದವರನ್ನು ಸೇರಿಸುವವನೊಬ್ಬ ಫೇಲಾದ ಹೆಣ್ಣುಮಕ್ಕಳು ಯಾರು ಯಾರು ಎಂದು ವಿಚಾರಿಸಿದ. ಪಾಸಾದವರು ಬೇಡವೇ ಎಂದರೆ, ಅವರು ಪ್ರಶ್ನೆ ಕೇಳ್ತಾರೆ ಸಾರ್ ಎಂದ. ಜಮೀನಿನ ವ್ಯಾಪಾರದವನೊಬ್ಬ ಯಾವ ಮಕ್ಕಳ ಮನೆಯವರಿಗೆ ರಸ್ತೆ ಪಕ್ಕದಲ್ಲಿ ಹೊಲವಿದೆ ಎಂದು ತಿಳಿಯಲು ಬಂದು, ಮಕ್ಕಳಿಗೆ ಹಂಚಿ ಎಂದು ಒಂದು ಡಬ್ಬಿ ಪೆಪ್ಪರ್‌ಮೆಂಟು ಮೇಜಿನ ಮೇಲಿಟ್ಟ. ನಾನು ಇವರನ್ನೆಲ್ಲ ಕೂರಿಸಿ, ಟೀ ತರಿಸಿ, ಕೇಳಿದ್ದನ್ನು ಹೇಳಿದೆ, ಕೇಳದ್ದನ್ನೂ ಹೇಳಿದೆ. ಕೊನೆಗೆ ಅವರೇ ಬಸ್ಸಿನ ಹೊತ್ತಾಯಿತು ಸಾರ್ ಎಂದು ಎದ್ದು ಹೋಗುತ್ತಿದ್ದರು.

ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಹೊಸ ಉತ್ಸಾಹ, ಮಾತೆತ್ತಿದರೆ ತರಬೇತಿ. ಅಂಥದೊಂದು ತರಬೇತಿಗೆ ನನ್ನನ್ನೂ ಕರೆದಿದ್ದರು. ಅಲ್ಲಿ ಮಾತಾಡಿದ ಅಧಿಕಾರಿಣಿ ಸಣ್ಣ ದನಿಯ ಹೆಣ್ಣುಮಗಳು. ಮಗುವಿನ ವಯಸ್ಸು, ಜಾತಿ, ಕಾಯಿಲೆ, ಅಂಕ, ಮನೆಯ ಕಷ್ಟ ಇವೆಲ್ಲ ಶಾಲೆಯ ಸೊತ್ತಲ್ಲ, ತಂದೆತಾಯಿ ನಿಮ್ಮನ್ನು ನಂಬಿ ನಿಮ್ಮ ಹತ್ತಿರ ಇಟ್ಟಿರುತ್ತಾರೆ ಎಂದರು. ನಿಮ್ಮ ಮಗಳ ವಿಷಯವನ್ನು ದಾರಿಯಲ್ಲಿ ಹೋಗುವವನು ಕೇಳಿದರೆ ಹೇಳುತ್ತೀರಾ ಎಂದು ಕೇಳಿದರು. ಸಭೆಯಲ್ಲಿದ್ದವರೆಲ್ಲ ಇಲ್ಲವೆಂದು ತಲೆಯಾಡಿಸಿದರು. ನಾನೊಬ್ಬ ಸುಮ್ಮನೆ ಕೂತಿದ್ದೆ, ಯಾಕೆಂದರೆ ನಾನು ಹೇಳುತ್ತೇನೆ. ಮಧ್ಯಾಹ್ನದ ಬಿಸಿಬೇಳೆಬಾತ್ ಚೆನ್ನಾಗಿತ್ತೋ, ಆಕೆಯ ಮಾತೇ ಮನಸ್ಸಿಗೆ ನಾಟಿತೋ, ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಬೇರೆಯೇ ಮನುಷ್ಯನಾಗಿದ್ದೆ. ಪಕ್ಕದಲ್ಲಿ ಕೂತಿದ್ದವರು ಯಾವೂರಾಯಿತು ಎಂದು ಕೇಳಿದ್ದಕ್ಕೂ ಉತ್ತರ ಕೊಡಲಿಲ್ಲ.

ಮಾರನೆಯ ದಿನದಿಂದ ಶಾಲೆಯಲ್ಲಿ ಬಿಗಿ ಕಾವಲು. ಬೀರುವಿಗೆ ಹೊಸ ಬೀಗ ಬಂತು. ಅದರ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವ ಆಲೋಚನೆ ನನಗಿತ್ತು. ಆಫೀಸಿನಲ್ಲಿ ನೀವು ಆಗಾಗ ಅಂಗಿ ಎತ್ತುವುದು ಚೆನ್ನಾಗಿರುವುದಿಲ್ಲ ಸಾರ್ ಎಂದು ಗುಮಾಸ್ತ ಪುಟ್ಟಸ್ವಾಮಿ ತಡೆದ. ಅಂಕಗಳನ್ನು ಬೋರ್ಡಿನ ಮೇಲೆ ಹಾಕುವುದು ನಿಂತಿತು. ಒಬ್ಬೊಬ್ಬರನ್ನೇ ಒಳಗೆ ಕರೆದು ಕಿವಿಯಲ್ಲಿ ಹೇಳುತ್ತಿದ್ದೆ. ಮಗು ಗಂಭೀರವಾಗಿ ತಲೆಯಾಡಿಸಿ ಹೊರಗೆ ಹೋಗಿ, ಹೊಸ್ತಿಲು ದಾಟಿದ ಕೂಡಲೇ ಲೆಕ್ಕದಲ್ಲಿ ಹನ್ನೊಂದು ಕಣ್ಲಾ ಎಂದು ಶಾಲೆಗೆಲ್ಲ ಕೇಳುವಂತೆ ಕೂಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ನಮ್ಮ ಪಿ.ಟಿ. ಮೇಷ್ಟ್ರಿಗೆ. ಅವರು ಮೈದಾನದಲ್ಲಿ ಮಾತಾಡಿದರೆ ಪಕ್ಕದ ಹಳ್ಳಿಯ ದನಗಳು ಕಿವಿ ನಿಮಿರಿಸುತ್ತಿದ್ದವು. ಒಬ್ಬ ಹುಡುಗನಿಗೆ ಹೊಟ್ಟೆ ಕೆಟ್ಟಿದೆಯೇ ಎಂದು ಅವರು ಆ ತುದಿಯಿಂದ ಈ ತುದಿಗೆ ವಿಚಾರಿಸುವುದನ್ನು ನಾನು ನಿಷೇಧಿಸಿದೆ. ಅವರು ಬಾಯಿ ಮುಚ್ಚಿಕೊಂಡು ಕೈಸನ್ನೆಯಲ್ಲಿ ವಿಚಾರಿಸತೊಡಗಿದರು. ಆ ಸನ್ನೆಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಹೆಣ್ಣುಮಕ್ಕಳು ಮುಖ ತಿರುಗಿಸಿಕೊಂಡರು, ಮತ್ತು ಕೂಗುವುದೇ ವಾಸಿ ಎಂದು ಉಳಿದ ಶಿಕ್ಷಕರು ನನ್ನ ಬಳಿ ಬಂದು ಕೇಳಿಕೊಂಡರು.

ಇಷ್ಟರ ಮಧ್ಯೆ ನಾನು ಕನ್ನಡಿಯ ಮುಂದೆ ನಿಂತು ಒಂದು ಮುಖವನ್ನು ಅಭ್ಯಾಸ ಮಾಡಿಕೊಂಡೆ. ಯಾರಾದರೂ ಮಕ್ಕಳ ವಿಷಯ ಕೇಳಿದರೆ ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಕಿಟಕಿಯಾಚೆ ದೂರಕ್ಕೆ ನೋಡುವ ಮುಖ. ಟೈ ಕಟ್ಟಿದವನು ಆ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದ. ಪೆಪ್ಪರ್‌ಮೆಂಟಿನವನು ಡಬ್ಬಿ ವಾಪಸು ತೆಗೆದುಕೊಂಡು ಹೋದ. ಯಾರು ಬಂದರೂ ಇದೇ ಮುಖ ಸಾಕು ಎಂಬ ಧೈರ್ಯ ನನಗೆ ಬಂತು.

ಒಂದು ದಿನ ಸಾತನೂರು ಕಡೆಯ ಹಳ್ಳಿಯವರಿಬ್ಬರು ಬಂದರು. ಒಬ್ಬರು ಬೋರೇಗೌಡರು, ಇನ್ನೊಬ್ಬರು ಅವರ ತಂಗಿ ಚಿಕ್ಕತಾಯಮ್ಮ. ಬಸ್ಸು ತಪ್ಪಿತು, ನೀರು ಕುಡಿದು ಹೋಗೋಣ ಅಂತ ಬಂದೆವು ಎಂದು ಗೌಡರು ಹೇಳಿದರು. ನಮ್ಮ ಕಡೆ ಹೀಗೆ ಬಸ್ಸು ತಪ್ಪಿಸಿಕೊಂಡು ಶಾಲೆಗೆ ಬಂದವರು ಹೆಣ್ಣು ವಿಚಾರಿಸಲು ಬಂದವರೆಂದೇ ಅರ್ಥ. ಸಂಬಂಧ ಕೂಡುವ ಮೊದಲು ಗಂಡಿನ ಕಡೆಯವರು ಹೆಣ್ಣಿನ ಊರಿನ ಟೀ ಅಂಗಡಿಯಲ್ಲಿ ಒಂದು ಮಾತು, ಹಾಲಿನ ಡೈರಿಯಲ್ಲಿ ಒಂದು ಮಾತು ಕೇಳಿಕೊಂಡು, ಕೊನೆಗೆ ಅವಳು ಓದಿದ ಶಾಲೆಯ ಹೆಡ್ಮಾಸ್ತರಲ್ಲಿಗೆ ಬರುತ್ತಾರೆ. ಅಂಗಡಿಯವನು ಹೇಳಿದ್ದು ಚಾಡಿಯೋ ನಿಜವೋ ಎಂದು ತೂಗಿ ನೋಡುವ ಜಾಗ ಅದು. ಅದುವರೆಗೆ ನನ್ನ ಕುರ್ಚಿಯಲ್ಲಿ ಕೂತು ಎಷ್ಟೋ ಹೆಣ್ಣುಮಕ್ಕಳಿಗೆ ನಾನು ಒಳ್ಳೆಯ ಮಾತು ಹೇಳಿದ್ದೆ, ಒಂದಿಬ್ಬರ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಊಟವನ್ನೂ ಮಾಡಿದ್ದೆ.

ಅವರು ಕೇಳಲು ಬಂದದ್ದು ರೂಪಾಳ ವಿಷಯ. ರೂಪಾ ನಮ್ಮ ಶಾಲೆಯಲ್ಲಿ ಓದಿ, ಮುಂದೆ ಡಿಪ್ಲೊಮಾ ಮಾಡಿ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಚಿಕ್ಕತಾಯಮ್ಮನ ಮಗ ಮಹದೇವನೂ ಅಲ್ಲೇ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿ, ಹಿರಿಯರನ್ನು ಒಪ್ಪಿಸುವ ಕೆಲಸ ನಡೆದಿತ್ತು. ಎಲ್ಲ ಸರಿಹೋಗಿ ಒಂದೇ ಮಾತು ಗಂಟಲಿಗೆ ಸಿಕ್ಕಿಕೊಂಡಿತ್ತು. "ಇಸ್ಕೂಲ್ನಾಗೆ ಓದೋವಾಗ ಆ ಹುಡ್ಗಿ ಒಂದ್ಸಾರಿ ಬಿದ್ಬುಟ್ಟಿದ್ಲಂತೆ. ಏನಾಗಿತ್ತು ಮೇಷ್ಟ್ರೇ?" ಎಂದು ಗೌಡರು ಕೇಳಿದರು.

ನನಗೆ ಚೆನ್ನಾಗಿ ನೆನಪಿತ್ತು. ರೂಪಾ ಒಂಬತ್ತನೇ ತರಗತಿಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ತಲೆ ಸುತ್ತಿ ಬಿದ್ದಿದ್ದಳು. ತಿಂಡಿ ತಿನ್ನದೆ ಬಂದಿದ್ದಾಳೆ ಎಂದು ಪಿ.ಟಿ. ಮೇಷ್ಟ್ರು ಮುಖಕ್ಕೆ ನೀರು ಚಿಮುಕಿಸಿ ಸಕ್ಕರೆ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆಲ್ಲ ಅವಳು ಎದ್ದು ಕೂತು ಲೆಕ್ಕ ಮಾಡುತ್ತಿದ್ದಳು. ಮತ್ತೆಂದೂ ಬೀಳಲಿಲ್ಲ. ಇದನ್ನು ಹೇಳಿಬಿಟ್ಟಿದ್ದರೆ ಅವರು ಟೀ ಕುಡಿದು, ದಿನ ಗೊತ್ತುಮಾಡಲು ನೇರವಾಗಿ ಜೋಯಿಸರ ಮನೆಗೆ ಹೋಗುತ್ತಿದ್ದರು. ಆದರೆ ನನ್ನ ಕಣ್ಣಿಗೆ ರಾಮನಗರದ ಅಧಿಕಾರಿಣಿ ಕಂಡರು. ಮಕ್ಕಳ ಆರೋಗ್ಯದ ವಿಷಯವನ್ನು ಶಾಲೆ ಹೊರಗಿನವರಿಗೆ ಹೇಳುವಂತಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಕಿಟಕಿಯಾಚೆ ದೂರಕ್ಕೆ ನೋಡಿದೆ. ಅಣ್ಣತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕತಾಯಮ್ಮ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಅವರು ಹೋದ ಮೇಲೆ ನನಗೆ ಎಂಥ ಹೆಮ್ಮೆ! ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ವಿಷಯ ನನ್ನ ಹೊಟ್ಟೆಯಲ್ಲಿ ಉಳಿದಿತ್ತು.

ಅದು ಉಳಿದಿದೆ ಎನ್ನುವುದನ್ನು ಮಾತ್ರ ನನಗೆ ಇಟ್ಟುಕೊಳ್ಳಲಾಗಲಿಲ್ಲ. ಪುಟ್ಟಸ್ವಾಮಿಗೆ ಹೇಳಿದೆ. ಕ್ಷೌರದಂಗಡಿಯಲ್ಲಿ ಹೇಳಿದೆ. ಬಸ್‌ಸ್ಟಾಪಿನಲ್ಲಿ ನಾಲ್ಕು ಜನರಿಗೆ ಹೇಳಿದೆ. ಏನೆಂದು? ಒಬ್ಬ ಹುಡುಗಿಯ ಆರೋಗ್ಯದ ವಿಷಯ ಕೇಳಿಕೊಂಡು ಸಾತನೂರು ಕಡೆಯಿಂದ ಬಂದಿದ್ದರು, ನಾನು ಬಾಯಿ ಬಿಡಲಿಲ್ಲ ಎಂದು. ಹುಡುಗಿಯ ಹೆಸರನ್ನು ಸುತರಾಂ ಹೇಳಲಿಲ್ಲ. ನಮ್ಮೂರಿನಲ್ಲಿ ಸಾತನೂರು ಕಡೆಗೆ ಮಾತುಕತೆ ನಡೆಯುತ್ತಿದ್ದ ಹುಡುಗಿ ಒಬ್ಬಳೇ ಎನ್ನುವುದು ನನಗೆ ಹೊಳೆಯಲಿಲ್ಲ.

ವಾರ ಕಳೆಯುವಷ್ಟರಲ್ಲಿ ರೂಪಾಳ ತಾಯಿ ಜಯಮ್ಮ ಶಾಲೆಗೆ ಬಂದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ಕೈ ತೊಳೆಯದೆ ಹಾಗೆಯೇ ಬಂದಿದ್ದರು. ಗಂಡಿನ ಮನೆಯವರಿಗೆ ಏನು ಹೇಳಿದಿರಿ ಎಂದು ಕೇಳಿದರು. ಏನೂ ಹೇಳಲಿಲ್ಲ ಎಂದು ನಾನು ಸಮಾಧಾನದ ದನಿಯಲ್ಲಿ ಹೇಳಿದೆ.

"ಅದೇ ಸಾ, ಯಾಕೆ ಹೇಳ್ನಿಲ್ಲ?" ಎಂದರು ಜಯಮ್ಮ. "ಮೇಷ್ಟ್ರ ಬಾಯಿಂದ ಊರ ಸುದ್ದಿಯೆಲ್ಲಾ ಬತ್ತದೆ, ಅಂಥೋರೇ ಬಾಯಿ ಕಟ್ಕಂಡ್ರು ಅಂದ್ರೆ ಹುಡ್ಗಿಗೆ ಮೂರ್ಛೆ ರೋಗವೇ ಇರ್ಬೇಕು ಅಂದವ್ರೆ. ನೀವು ಎರಡು ಮಾತು ಕೆಟ್ಟದ್ದು ಹೇಳಿದ್ರೂ ಇಷ್ಟು ಆಯ್ತಿರ್ನಿಲ್ಲ."

ಬೇರೆ ಯಾವ ಹೆಡ್ಮಾಸ್ತರು ಸುಮ್ಮನಿದ್ದರೂ ಅದು ಸುಮ್ಮನಿದ್ದಂತಾಗುತ್ತಿತ್ತು. ನಾನು ಸುಮ್ಮನಿದ್ದದ್ದು ದೊಡ್ಡ ಸುದ್ದಿಯಾಗಿತ್ತು. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದ ಮೇಲೆ ನನಗೆ ತುಂಬ ಸಂಕಟವಾಯಿತು. ಆ ಹುಡುಗಿ ಗಂಡು ದಿಕ್ಕಿಲ್ಲದ ಮನೆಯಲ್ಲಿ ತಾಯಿಯ ಜೊತೆ ರೇಷ್ಮೆ ಹುಳು ಮೇಯಿಸುತ್ತಲೇ ಓದಿದವಳು. ಅವಳ ಪಾಲಿಗೆ ಬಂದ ಒಂದು ಸಂತೋಷಕ್ಕೆ ನನ್ನ ಹುಬ್ಬು ಅಡ್ಡ ಬಂದಿತ್ತು. ಹೋಗಿ ನಿಜ ಹೇಳಿಬಿಡಿ ಎಂದ ಪುಟ್ಟಸ್ವಾಮಿ. ನಿಯಮ ಮಾಡಿದವನೇ ಮುರಿದರೆ ಹೇಗೆ ಎಂದು ನಾನು ಎರಡು ದಿನ ಒದ್ದಾಡಿದೆ. ಮುರಿದರೆ ಪಿ.ಟಿ. ಮೇಷ್ಟ್ರು ಮತ್ತೆ ಕೂಗಲು ಶುರುಮಾಡುತ್ತಾರೆ ಎಂಬ ಹೆದರಿಕೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಭಾನುವಾರ ರೂಪಾಳೇ ನಮ್ಮ ಮನೆಗೆ ಬಂದಳು. ಅಳುತ್ತಾ ಬರುತ್ತಾಳೆ ಎಂದುಕೊಂಡಿದ್ದೆ. ಅವಳು ಫ್ಯಾಕ್ಟರಿಯಲ್ಲಿ ಕೆಟ್ಟ ಯಂತ್ರವನ್ನು ನೋಡುವ ಹಾಗೆ ನನ್ನನ್ನು ನೋಡಿ, ಎಲ್ಲಿ ಕೆಟ್ಟಿದೆ ಎಂದು ಗೊತ್ತು ಎನ್ನುವಂತೆ ಮಾತಾಡಿದಳು. "ಸಾರ್, ಕಂಪ್ಯೂಟರ್‌ನೋರಿಗೆ, ಜಮೀನಿನೋರಿಗೆ ನೀವು ಹೇಳ್ದೆ ಇದ್ದದ್ದು ಒಳ್ಳೇದೇ. ಆದ್ರೆ ಇದು ನನ್ನ ವಿಷಯ ತಾನೆ? ಹೇಳಿ ಅಂತ ನಾನೇ ಹೇಳ್ತಿದ್ದೀನಿ. ನನ್ನ ಮುಂದೇನೇ ಹೇಳಿ." ನೀನೇ ಹೇಳಬಹುದಲ್ಲಮ್ಮ ಎಂದೆ. ಹುಡುಗಿಯ ಮಾತು ನಂಬುವುದಿಲ್ಲ, ಹೆಡ್ಮಾಸ್ತರು ಹೇಳಿದರೆ ನಂಬುತ್ತಾರೆ ಎಂದಳು. ತರಬೇತಿಯಲ್ಲಿ ಇಡೀ ದಿನ ಕೂತರೂ ನನಗೆ ತಿಳಿಯದಿದ್ದ ಮಾತು ಆಗ ತಿಳಿಯಿತು. ಹೇಳುವುದೋ ಬಿಡುವುದೋ ಎಂದು ನಾನು ಎರಡು ದಿನ ನನ್ನನ್ನೇ ಕೇಳಿಕೊಂಡಿದ್ದೆ. ಅವಳನ್ನು ಕೇಳಬೇಕೆಂದು ತೋಚಿರಲಿಲ್ಲ. ಬಾಗಿಲ ತನಕ ಹೋದವಳು ತಿರುಗಿ ಏನೋ ಹೇಳಲು ಬಾಯಿ ತೆರೆದು, ನುಂಗಿಕೊಂಡು, "ಒಸಿ ಚಿಕ್ಕದಾಗಿ ಹೇಳಿ ಸಾರ್" ಎಂದಷ್ಟೇ ಹೇಳಿ ಹೋದಳು.

ಹೆಣ್ಣಿನ ಕಡೆಯವರು ತಾವಾಗಿ ಗಂಡಿನ ಮನೆಗೆ ಹೋಗುವಂತಿಲ್ಲ. ಹಾಗಾಗಿ ಶುಕ್ರವಾರ ಕಬ್ಬಾಳಮ್ಮನ ದರ್ಶನಕ್ಕೆ ಹೋದಾಗ ಎರಡೂ ಕಡೆಯವರು ಆಕಸ್ಮಿಕವಾಗಿ ಎದುರಾಗುವುದೆಂದು ಮಹದೇವನ ಮೂಲಕ ಗೊತ್ತುಮಾಡಿಕೊಂಡೆವು. ಗುಡಿಯ ಹೊರಗೆ, ಬೆಟ್ಟದ ನೆರಳು ಬೀಳುವ ಕಡೆ ಬೋರೇಗೌಡರು ತಂಗಿಯ ಜೊತೆ ಚಾಪೆ ಹಾಸಿಕೊಂಡು ಕೂತಿದ್ದರು. "ಇದೇನ್ ಮೇಷ್ಟ್ರೇ, ಇತ್ತಾಗೆ ಬಂದ್ಬುಟ್ರಿ" ಎಂದು ಆಶ್ಚರ್ಯಪಟ್ಟು, ನನಗೂ ಜಯಮ್ಮ, ರೂಪಾಳಿಗೂ ಬಿಟ್ಟಿದ್ದ ಜಾಗ ತೋರಿಸಿದರು. ಮಹದೇವ ಅಲ್ಲೇ ನಿಂತಿದ್ದ. ಯಂತ್ರಗಳ ಮುಂದೆ ಧೈರ್ಯವಂತನಂತೆ. ತಾಯಿಯ ಮುಂದೆ ಅಷ್ಟಾಗಿ ಕಾಣಲಿಲ್ಲ.

ನಾನು ಮಾತು ತೆಗೆದೆ. ಚಿಕ್ಕದಾಗಿಯೇ ಹೇಳಬೇಕೆಂದಿದ್ದೆ. ಆದರೆ ಯಾಕೆ ಅವತ್ತು ಹೇಳಲಿಲ್ಲ ಎನ್ನುವುದನ್ನು ವಿವರಿಸದೆ ವಿಷಯಕ್ಕೆ ಬರುವುದು ಹೇಗೆ? ಶಾಲೆ ಎಂದರೇನು, ನಂಬಿಕೆ ಎಂದರೇನು, ಮಗುವಿನ ಮಾನ ಎಂದರೇನು ಎಂದು ಒಂದೊಂದನ್ನೇ ಬಿಡಿಸಿದೆ. ಗೌಡರು ಆಕಳಿಸಿದರು. ಚಿಕ್ಕತಾಯಮ್ಮ ಚಾಪೆಯ ಮೇಲೆ ಮಗ್ಗುಲು ಬದಲಿಸಿ ಬದಲಿಸಿ ಕೂತರು. ಕೊನೆಗೂ ವಿಷಯಕ್ಕೆ ಬಂದು, ಹುಡುಗಿಗೆ ಯಾವ ರೋಗವೂ ಇಲ್ಲ, ಅವತ್ತು ತಿಂಡಿ ತಿನ್ನದೆ ಬಂದಿದ್ದಳು, ಅದಕ್ಕೆ ತಲೆ ಸುತ್ತಿತ್ತು ಎಂದು ಹೇಳಿ ಮುಗಿಸಿದೆ.

ಚಿಕ್ಕತಾಯಮ್ಮನ ಮುಖ ಇನ್ನಷ್ಟು ಸಪ್ಪಗಾಯಿತು. "ಒಂದೊತ್ತು ತಿಂಡಿ ಬುಟ್ರೆ ಬೀಳೋಳು, ನಮ್ಮನೆ ಹಸ ಕರ, ಹುಳಿನ ಮನೆ, ಮ್ಯಾಲೆ ಫ್ಯಾಕ್ಟರಿ, ಎಲ್ಲಾ ಹೆಂಗೆ ತೂಗಿಸ್ತಾಳೆ?" ಎಂದರು. ಜಯಮ್ಮ ಹಣ್ಣುಕಾಯಿಯ ಚೀಲವನ್ನು ಎದೆಗವಚಿಕೊಂಡು ಎದ್ದು ನಿಂತರು. ಸುಮ್ಮನಿದ್ದು ಅರ್ಧ ಕೆಡಿಸಿದ್ದನ್ನು ನಾನು ಮಾತಾಡಿ ಪೂರ್ತಿ ಕೆಡಿಸಿದ್ದೆ.

ರೂಪಾ ನನ್ನ ಕಡೆ ತಿರುಗಿದಳು. "ಸಾರ್, ಹೇಳ್ಬುಡ್ಲಾ?" ಎಂದಳು. ನಿನ್ನ ವಿಷಯ ತಾನೆ, ಹೇಳಮ್ಮ ಎಂದೆ ದೊಡ್ಡ ಮನಸ್ಸಿನಿಂದ.

"ನನ್ನ ವಿಷಯ ಅಲ್ಲ ಸಾರ್. ಇದು ನಿಮ್ಮ ವಿಷಯ."

ನನಗೆ ಏನೂ ಅರ್ಥವಾಗಲಿಲ್ಲ. ಆದರೂ ಹೇಳು ಎಂದೆ. ಅವಳು ಚಿಕ್ಕತಾಯಮ್ಮನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಅವತ್ತು ನಾನು ಎರಡು ರಾಗಿರೊಟ್ಟಿ ತಿಂದೇ ಹೋಗಿದ್ದೆ ಅಮ್ಮ. ಪ್ರಾರ್ಥನೆ ಆದ್ಮೇಲೆ ಸಾರ್ ಭಾಷಣ ಸುರುಮಾಡಿದ್ರು. ಬಿಸ್ಲು ನೆತ್ತಿಗೆ ಬಂದ್ರೂ ಮುಗೀನಿಲ್ಲ. ಹಿಂದ್ಗಡೆ ಸಾಲ್ನೋರು ಕಾಣ್ದಂಗೆ ಕೂತ್ಬುಟ್ರು. ನಾನು ಮುಂದ್ಗಡೆ ಇದ್ದೆ, ಕೂರಕ್ಕಾಗ್ನಿಲ್ಲ. ಸಾರ್‌ಗೆ ಬೇಜಾರಾಯ್ತದೆ, ತಿಂಡಿ ತಿಂದಿಲ್ಲ ಅನ್ನು ಅಂತ ಪಿ.ಟಿ. ಮೇಷ್ಟ್ರು ಹೇಳ್ಕೊಟ್ರು. ಎಲ್ಲಾರೂ ಹಂಗೇ ಹೇಳಿದ್ವಿ."

ಆ ಭಾಷಣ ನನಗೆ ನೆನಪಿತ್ತು. ಅದರ ವಿಷಯ ಸಮಯದ ಬೆಲೆ. ನನ್ನ ಭಾಷಣಗಳಲ್ಲೆಲ್ಲ ಅದೇ ಶ್ರೇಷ್ಠವೆಂದು ನಾನು ಅದುವರೆಗೆ ತಿಳಿದಿದ್ದೆ, ಏಕೆಂದರೆ ಅಂದು ರೂಪಾ ಬೀಳುವ ತನಕ ಮಕ್ಕಳು ಒಬ್ಬರೂ ಮಿಸುಕಾಡಿರಲಿಲ್ಲ. ಜಯಮ್ಮನ ಕಡೆ ನೋಡಿದೆ. ಆಕೆ ಬೆಟ್ಟ ನೋಡುತ್ತಿದ್ದರು, ಅಂದರೆ ಆಕೆಗೂ ಗೊತ್ತಿತ್ತು. ಇಡೀ ಶಾಲೆಗೆ ಗೊತ್ತಿತ್ತು. ಬೀರುವಿಲ್ಲದೆ, ಬೀಗವಿಲ್ಲದೆ, ಯಾವ ತರಬೇತಿಯೂ ಇಲ್ಲದೆ ಅಷ್ಟೂ ಮಕ್ಕಳು ಅಷ್ಟೂ ವರ್ಷ ಒಂದು ಗುಟ್ಟನ್ನು ಕಾಪಾಡಿದ್ದರು. ಅಂಕವನ್ನು ಹೊಸ್ತಿಲಲ್ಲೇ ಕೂಗಿ ಹೇಳುವ ಮಕ್ಕಳು ನನ್ನ ಮನಸ್ಸು ನೋಯದಿರಲೆಂದು ಬಾಯಿ ಮುಚ್ಚಿಕೊಂಡಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಮಕ್ಕಳ ಮೇಲೆ ಪ್ರೀತಿ ಬಂತು. ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, ಗೊತ್ತಿತ್ತು ಎಂದಳು.

ಇತ್ತ ಚಾಪೆಯ ಮೇಲೆ ಚಿಕ್ಕತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು, "ಅಷ್ಟೊತ್ತು ನಿಂತಿದ್ಲಾ? ಹಂಗಾದ್ರೆ ಗಟ್ಟಿಗಿತ್ತಿ ಕನಣ್ಣ" ಎಂದು ಗೌಡರಿಗೆ ಹೇಳಿದರು. "ನಂಗೆ ಈಗ ಕೂತು ಕೇಳಿದ್ದಕ್ಕೇ ಸೊಂಟ ಹಿಡ್ಕಂಡೈತೆ." ಮಹದೇವ ಆಗ ಮೊದಲ ಸಲ ಉಸಿರು ಬಿಟ್ಟ. ಜಯಮ್ಮ ಹಣ್ಣುಕಾಯಿಯ ಚೀಲವನ್ನು ಚಾಪೆಯ ಮೇಲಿಟ್ಟು ಅಲ್ಲೇ ಕೂತು ಅತ್ತುಬಿಟ್ಟರು. ಬಾಳೆಹಣ್ಣು ಹಂಚಿ ತಿಂದೆವು. ನಾನು ಒಂದು ಮಾತನ್ನೂ ಆಡಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಹೆಣ್ಣು ವಿಚಾರಿಸಲು ಯಾರೇ ಬಂದರೂ, ಹುಡುಗಿಯನ್ನು ಕೇಳಿ ಹೇಳುತ್ತೇನೆ, ಮುಂದಿನ ವಾರ ಬನ್ನಿ ಎನ್ನುತ್ತಿದ್ದೆ. ಹೀಗೂ ಉಂಟೇ ಎಂದು ಕೆಲವರು ಬೆರಗಾದರು, ಕೆಲವರು ಬೈದುಕೊಂಡು ಹೋದರು. ನನ್ನ ಹುಬ್ಬು ಮಾತ್ರ ಮತ್ತೆ ಯಾರ ಮುಂದೆಯೂ ಗಂಟಿಕ್ಕಲಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಪಿ.ಟಿ. ಮೇಷ್ಟ್ರು ನನ್ನನ್ನು ಕೇಳದೆಯೇ ಸೀಟಿ ಊದಿ ಮಕ್ಕಳನ್ನು ತರಗತಿಗೆ ಕಳಿಸುತ್ತಿದ್ದರು, ನಾನೂ ಕಂಡೂ ಕಾಣದಂತೆ ಇರುತ್ತಿದ್ದೆ.

ರೂಪಾಳ ಆರತಕ್ಷತೆ ಚನ್ನಪಟ್ಟಣದ ಒಂದು ಛತ್ರದಲ್ಲಿ ನಡೆಯಿತು. ಗಂಡುಹೆಣ್ಣು ವೇದಿಕೆಯ ಮೇಲೆ ನಿಂತಿದ್ದರು, ಜನ ಸಾಲಾಗಿ ಬಂದು ಹರಸಿ ಹೋಗುತ್ತಿದ್ದರು. ನನ್ನ ಸರದಿ ಬಂದಾಗ ಬೋರೇಗೌಡರು ಹುರುಪಿನಲ್ಲಿ, ಹೆಡ್ಮಾಸ್ತರು ಆಶೀರ್ವಾದದ ಎರಡು ಮಾತಾಡಬೇಕು ಎಂದು ವಾದ್ಯದವರ ಕೈಯಿಂದ ಮೈಕು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ನಾನು ನಿಜವಾಗಿಯೂ ಎರಡೇ ಮಾತು ಯೋಚಿಸಿಕೊಂಡು ಹೋಗಿದ್ದೆ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಕೆಳಗೆ ನೆಂಟರನ್ನು ಮಾತಾಡಿಸುತ್ತಿದ್ದ ಚಿಕ್ಕತಾಯಮ್ಮ ಸೀರೆಯ ನೆರಿಗೆ ಎತ್ತಿಕೊಂಡು ದಡದಡನೆ ಮೆಟ್ಟಿಲು ಹತ್ತಿ ಬಂದು, ಹಿಂದಿದ್ದ ದೊಡ್ಡ ಕುರ್ಚಿಯನ್ನು ಸೊಸೆಯ ಕಡೆಗೆ ಎಳೆದರು.

"ಮೇಷ್ಟ್ರು ಮಾತಾಡ್ತಾರಂತೆ, ನೀನು ಕೂತ್ಕೊ ಮಗ" ಎಂದು ಅವಳ ಭುಜ ಒತ್ತಿ ಕೂರಿಸಿ, ಅಡುಗೆಯವರ ಕಡೆ ತಿರುಗಿ ಒಂದು ಲೋಟ ಪಾನಕ ತರಲು ಹೇಳಿದರು.